ಬೆಟ್ಟದ ಫೋಟೋಗೆ ಯಾವ ಗ್ರೇಡಿಯೆಂಟ್?

ಮುಳ್ಳಯ್ಯನಗಿರಿಯ ಮೇಲಿಂದ ತೆಗೆದ ಫೋಟೋಗಳಲ್ಲಿ ಹೆಚ್ಚಾಗಿ ಆಕಾಶ ಬಿಳಿಚಿಕೊಂಡಿರುತ್ತದೆ, ಕಣಿವೆ ಕಪ್ಪಾಗಿರುತ್ತದೆ. ಇದಕ್ಕೆ ಲೀನಿಯರ್ ಗ್ರೇಡಿಯೆಂಟೇ, ಅಂದರೆ ನೇರ ಗೆರೆಯುದ್ದಕ್ಕೂ ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ಕರಗುವ ಬಗೆಯೇ ಮದ್ದು. ಫೋಟೋಶಾಪ್‌ನಲ್ಲಿ ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ, ಗೆರೆಯನ್ನು ಕೆಳಕ್ಕೆಳೆದು ಇಡೀ ಚಿತ್ರವನ್ನು ಮಂಕು ಮಾಡಿ. ಆ ಲೇಯರಿಗೆ ಮಾಸ್ಕ್ ಇರುತ್ತದೆ: ಅದು ಬಿಳಿ ಇದ್ದಲ್ಲಿ ಲೇಯರಿನ ಪರಿಣಾಮ ಕಾಣುತ್ತದೆ, ಕಪ್ಪು ಇದ್ದಲ್ಲಿ ಮರೆಯಾಗುತ್ತದೆ. ಮಾಸ್ಕ್ ಮೇಲೆ ಕ್ಲಿಕ್ ಮಾಡಿ 'ಡಿ' ಒತ್ತಿದರೆ ಮುಂದಿನ ಬಣ್ಣ ಬಿಳಿ, ಹಿಂದಿನದು ಕಪ್ಪು ಆಗುತ್ತದೆ. 'ಜಿ' ಒತ್ತಿ ಗ್ರೇಡಿಯೆಂಟ್ ಟೂಲ್ ತೆಗೆದುಕೊಂಡು, ಬೆಟ್ಟದ ಅಂಚಿಗಿಂತ ತುಸು ಮೇಲಿನಿಂದ ತುಸು ಕೆಳಗಿನವರೆಗೆ ಎಳೆಯಿರಿ. ಶಿಫ್ಟ್ ಒತ್ತಿಹಿಡಿದರೆ ಗೆರೆ ಓರೆಯಾಗುವುದಿಲ್ಲ.

ಯಾವ ಬಗೆ ಎಂಬುದಕ್ಕಿಂತ ಎಷ್ಟು ದೂರ ಎಳೆದಿರಿ ಎಂಬುದೇ ಮುಖ್ಯ. ಬೆರಳಗಲ ಎಳೆದರೆ ಬೆಟ್ಟಕ್ಕೆ ಅಡ್ಡಲಾಗಿ ಪಟ್ಟಿ ಬಿದ್ದಂತೆ ಕಾಣುತ್ತದೆ. ಚಿತ್ರದ ಎತ್ತರದ ಕಾಲು ಭಾಗದಷ್ಟು ಎಳೆದು ನೋಡಿ. ಶಿಖರದ ತುದಿಯೂ ಮಂಕಾದರೆ ಮೆತ್ತನೆಯ ಕಪ್ಪು ಬ್ರಷ್‌ನಿಂದ ಮಾಸ್ಕ್ ಮೇಲೆ ಅಷ್ಟು ಭಾಗ ಬಳಿಯಿರಿ. ಆದರೆ ಆಕಾಶ ಪೂರ್ತಿ 255ಕ್ಕೆ, ಅಂದರೆ ಅಚ್ಚ ಬಿಳಿಗೆ ಹೋಗಿದ್ದರೆ ಅಲ್ಲಿ ಮೋಡದ ವಿವರವೇ ಉಳಿದಿರುವುದಿಲ್ಲ. ಕತ್ತಲು ಮಾಡಿದರೆ ಬರುವುದು ಬೂದಿ ಬಣ್ಣ ಮಾತ್ರ.

ಬೇಲೂರಿನ ಮದನಿಕೆಯಂಥ ಒಂದೇ ಶಿಲ್ಪದತ್ತ ಕಣ್ಣು ಸೆಳೆಯಬೇಕಾದರೆ ರೇಡಿಯಲ್ ಬಳಸಿ. ಚಿತ್ರದ ನಡುವಿನಿಂದ ಎಳೆಯಬೇಡಿ, ಶಿಲ್ಪದ ಮುಖದಿಂದ ಎಳೆಯಿರಿ. ಮಂಕು ಮಾಡುವ ಲೇಯರೇ ಆದರೆ ಮುಂದಿನ ಬಣ್ಣ ಕಪ್ಪು, ಹಿಂದಿನದು ಬಿಳಿ ಇರಲಿ, ಇಲ್ಲದಿದ್ದರೆ ಮುಖವೇ ಮಂಕಾಗುತ್ತದೆ. ರೇಡಿಯಲ್ ಬರುವುದು ದುಂಡಗೆ, ಶಿಲ್ಪ ಇರುವುದು ನೀಳವಾಗಿ. ಹಾಗಾಗಿ ಮಾಸ್ಕಿನ ಸರಪಳಿ ಗುರುತು ಬಿಡಿಸಿ, ಕಂಟ್ರೋಲ್ ಟಿ ಒತ್ತಿ ಮೇಲಕ್ಕೂ ಕೆಳಕ್ಕೂ ಹಿಗ್ಗಿಸಿ.

ರಿಫ್ಲೆಕ್ಟೆಡ್ ನಡುವಿನಿಂದ ಎರಡೂ ಬದಿಗೆ ಸಮನಾಗಿ ಹರಡುತ್ತದೆ. ಬೇಲೂರಿನ ಕಡೆದ ಕಂಬಗಳ ಹೊಳಪು ಹೇಗಿದೆ, ಹಾಗೆ: ನಡುವೆ ಬೆಳಕು, ಅಂಚಿಗೆ ನೆರಳು. ಆ್ಯಂಗಲ್ ಶುರುವಿನ ಬಿಂದುವಿನ ಸುತ್ತ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. ಮೊದಲ ಮತ್ತು ಕೊನೆಯ ಬಣ್ಣ ಒಂದೇ ಇರದಿದ್ದರೆ ಸೇರುವಲ್ಲಿ ಚೂಪಾದ ಗೆರೆ ಕಾಣುತ್ತದೆ. ಡೈಮಂಡ್ ಫೋಟೋಗೆ ಬೇಕಾಗುವುದೇ ಅಪರೂಪ. ಫೋಟೋಶಾಪ್ ಬದಲು ಗಿಂಪ್ ತಂತ್ರಾಂಶ ಬಳಸುವವರು ರಿಫ್ಲೆಕ್ಟೆಡ್‌ಗೆ ಬೈ-ಲೀನಿಯರ್, ಆ್ಯಂಗಲ್‌ಗೆ ಕೋನಿಕಲ್ ಎಂದು ಹುಡುಕಿ.

ಹೋಮ್‌ಸ್ಟೇ ಪೋಸ್ಟರ್‌ನಲ್ಲಿ ಅಕ್ಷರ ಎದ್ದು ಕಾಣಲು ಹೊಸ ಲೇಯರ್‌ನಲ್ಲಿ, ಬಣ್ಣದಿಂದ ಪಾರದರ್ಶಕಕ್ಕೆ ಹೋಗುವ ಗ್ರೇಡಿಯೆಂಟನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಟ್ರಾನ್ಸ್‌ಪರೆನ್ಸಿ ಟಿಕ್ ತಪ್ಪಿದ್ದರೆ ಫೋಟೋ ಇಡಿಯಾಗಿ ಮುಚ್ಚಿಹೋಗುತ್ತದೆ. ಅಪ್ಪಟ ಕಪ್ಪಿಗಿಂತ ತೋಟದ ನೆರಳಿನಿಂದಲೇ ಆರಿಸಿದ ಕಡುಹಸಿರು ಚೆನ್ನಾಗಿ ಬೆರೆಯುತ್ತದೆ.

ಇನ್ನು ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಮೂಡುವ ಬ್ಯಾಂಡಿಂಗ್. 8 ಬಿಟ್ ಫೈಲಿನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದು ಚಾನೆಲ್‌ಗೆ 256 ಹಂತ. ಬೂದು ಆಕಾಶ 200ರಿಂದ 240ಕ್ಕೆ 4000 ಪಿಕ್ಸೆಲ್ ಉದ್ದಕ್ಕೂ ಬದಲಾಗುವುದಾದರೆ ಸಿಗುವುದು ಸುಮಾರು 40 ಹಂತ, ಪ್ರತಿ ಪಟ್ಟೆ 100 ಪಿಕ್ಸೆಲ್ ಅಗಲ. ಮಂಜು ಕವಿದ ನಮ್ಮ ಮಲೆನಾಡಿನ ಆಕಾಶದಲ್ಲಿ ಬಣ್ಣದ ವ್ಯತ್ಯಾಸವೇ ಕಡಿಮೆ, ಆದ್ದರಿಂದ ಪಟ್ಟೆ ಬೇಗ ಕಾಣುತ್ತದೆ. ಹಂತಗಳ ಅಂಚನ್ನು ಚುಕ್ಕೆಗಳಿಂದ ಬೆರೆಸುವ ಡಿದರ್ ಆಯ್ಕೆಗೆ ಟಿಕ್ ಇರಲಿ, ಮೊದಲಿನಿಂದಲೇ 16 ಬಿಟ್‌ನಲ್ಲಿ ಕೆಲಸ ಮಾಡಿ. ಆಮೇಲೂ ಉಳಿದರೆ ಶೇ. 1ರಷ್ಟು ನಾಯ್ಸ್ ಸೇರಿಸಿ. ಜೆಪೆಗ್ ಗುಣಮಟ್ಟವನ್ನು ತೀರಾ ಇಳಿಸಿ ಉಳಿಸಿದರೆ ಈ ಸಣ್ಣ ಕಣಗಳು ಅಳಿಸಿ ಪಟ್ಟೆ ಮತ್ತೆ ಬರುತ್ತದೆ.