ಫಾಸ್ಟರ್ ಕೇರ್ ಮಗು ಮನೆಗೆ ಬಂದರೆ: ಆದೇಶ, ಶಾಲಾ ದಾಖಲೆ, ಹೆತ್ತವರ ಭೇಟಿ

ಫಾಸ್ಟರ್ ಕೇರ್, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮಾತಿನಲ್ಲಿ ಪೋಷಕತ್ವ, ದತ್ತು ಅಲ್ಲ. ದತ್ತು ಮಗು ಕಾನೂನಿನಲ್ಲಿ ನಿಮ್ಮದೇ ಆಗುತ್ತದೆ. ಪೋಷಕತ್ವದ ಮಗು ಹೆತ್ತವರ ಮಗುವಾಗಿಯೇ ಉಳಿದು ನಿಮ್ಮ ಮನೆಯಲ್ಲಿ ಬೆಳೆಯುತ್ತದೆ. ಮುಂದಿನ ತಕರಾರುಗಳಲ್ಲಿ ಹೆಚ್ಚಿನವು ಇದನ್ನು ಮರೆತದ್ದರಿಂದಲೇ ಹುಟ್ಟುತ್ತವೆ.

ಹರಿಹರದವರಿರಲಿ, ಜಗಳೂರಿನವರಿರಲಿ, ಮೊದಲು ಹೋಗಬೇಕಾದದ್ದು ದಾವಣಗೆರೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಕೇಂದ್ರ ಸರ್ಕಾರದ 2024ರ ಪೋಷಕತ್ವ ಮಾರ್ಗಸೂಚಿಯಂತೆ ದಂಪತಿಗಳಷ್ಟೇ ಅಲ್ಲ, 35 ದಾಟಿದ ಒಂಟಿ ವ್ಯಕ್ತಿಯೂ ಮಗುವನ್ನು ಸಾಕಬಹುದು. ಒಂಟಿ ಗಂಡಸಿಗೆ ಗಂಡುಮಗುವನ್ನು ಮಾತ್ರ ಕೊಡುತ್ತಾರೆ. ಘಟಕದವರು ಮನೆಗೆ ಬಂದು ಆದಾಯ, ಆರೋಗ್ಯ, ಮನೆಮಂದಿಯ ಒಪ್ಪಿಗೆ ಎಲ್ಲವನ್ನೂ ನೋಡುತ್ತಾರೆ. ಅಜ್ಜಿಗೆ ಇಷ್ಟವಿಲ್ಲದಿದ್ದರೆ ಆಗಲೇ ಹೇಳಿಬಿಡಿ. ಮುಚ್ಚಿಟ್ಟರೆ ಅದನ್ನು ಅನುಭವಿಸುವುದು ಮಗು. ಕೊನೆಗೆ ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ. ಆ ಆದೇಶವಿಲ್ಲದೆ ಯಾರ ಕೈಯಿಂದಲೂ ಮಗುವನ್ನು ತರಬೇಡಿ.

ಆದೇಶ ಕೈಗೆ ಬಂದಾಗ ಅಲ್ಲೇ ಕೂತು ಓದಿ: ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ, ಎಷ್ಟು ಅವಧಿ, ಹೆತ್ತವರ ಭೇಟಿಗೆ ಏನು ಬರೆದಿದ್ದಾರೆ. ನಾಲ್ಕೈದು ಜೆರಾಕ್ಸ್ ಮಾಡಿಸಿ. ಅಣ್ಣ ತಂಗಿ ಇದ್ದರೆ ಆದಷ್ಟೂ ಒಟ್ಟಿಗೇ ಇರಿಸಬೇಕು ಎಂದು ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಹೇಳುತ್ತದೆ. ಬೇರೆ ಮಾಡಿದ್ದರೆ ಕಾರಣ ಕೇಳಿ.

ಹೆಚ್ಚು ಎಡವುವುದು ಶಾಲೆಯಲ್ಲಿ. ಶಾಲೆಯ ಫಾರಂನಲ್ಲಿ ‘ಪೋಷಕರು’ ಎಂದರೆ ಅಪ್ಪ ಅಮ್ಮ, ನಿಮ್ಮ ಆದೇಶದಲ್ಲಿ ‘ಪೋಷಕರು’ ಎಂದರೆ ನೀವು. ಗುಮಾಸ್ತರು ಆದೇಶ ನೋಡಿ ತಂದೆಯ ಕಾಲಂಗೆ ನಿಮ್ಮ ಹೆಸರು ಬರೆದರು ಅನ್ನಿ. ಅದು ದಾಖಲಾತಿ ರಿಜಿಸ್ಟರ್‌ನಿಂದ ಸ್ಯಾಟ್ಸ್‌ಗೆ (ಶಾಲಾ ಮಕ್ಕಳ ವಿವರ ಇರುವ ಸರ್ಕಾರದ ಆನ್‌ಲೈನ್ ದಾಖಲೆ), ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತದೆ. ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರ ಕೇಳಿದ ದಿನ ಅಂಕಪಟ್ಟಿಯ ಅಪ್ಪನೇ ಬೇರೆ, ಹೆತ್ತ ಅಪ್ಪನೇ ಬೇರೆ! ತಂದೆ ತಾಯಿ ಕಾಲಂನಲ್ಲಿ ಹೆತ್ತವರ ಹೆಸರೇ ಇರಲಿ, ನಿಮ್ಮ ಹೆಸರು, ಫೋನ್ ನಂಬರ್ ಪಾಲಕರ ಜಾಗದಲ್ಲಿ. ಬರೆದಾದ ಮೇಲೆ ರಿಜಿಸ್ಟರನ್ನು ಕಣ್ಣಾರೆ ನೋಡಿ. ಎಂಟನೇ ತರಗತಿಯವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಟಿ.ಸಿ. ತಡವಾಯಿತೆಂದು ಪ್ರವೇಶ ನಿಲ್ಲಿಸುವಂತಿಲ್ಲ.

ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿದೆ. ಅದು ಮಗುವಿನ ಊಟ, ಬಟ್ಟೆ, ಓದು, ಔಷಧಿಗೆ. ಖರ್ಚನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಹಣ ತಡವಾದರೆ ‘ನಿನ್ನ ದುಡ್ಡು ಇನ್ನೂ ಬಂದಿಲ್ಲ’ ಎಂಬ ಮಾತು ಮಗುವಿನ ಕಿವಿಗೆ ಬೀಳಬಾರದು. ತಟ್ಟೆ ತೊಳೆಯುವುದು, ಕಸ ಗುಡಿಸುವುದು ಮನೆಯ ಮಕ್ಕಳಷ್ಟೇ ಇವರೂ ಮಾಡಲಿ. ಚನ್ನಗಿರಿ ಕಡೆ ಕೊಯ್ಲಿನ ಹೊತ್ತಿಗೆ ಶಾಲೆ ಬಿಡಿಸಿ ಅಡಿಕೆ ಸುಲಿಯಲು ಕೂರಿಸಿದರೆ ಅದು ಸಾಕುವುದಲ್ಲ, ದುಡಿಸುವುದು.

ಹೆತ್ತವರು ಬಂದುಹೋದ ರಾತ್ರಿ ಮಗು ಉಣ್ಣದಿರಬಹುದು, ಹಾಸಿಗೆ ಒದ್ದೆ ಮಾಡಬಹುದು. ಬಹಳ ಮನೆಗಳು ಇದನ್ನು ಕಂಡು ‘ಇನ್ನು ಬರಬೇಡಿ’ ಅಂದುಬಿಡುತ್ತವೆ. ಅಗಲಿಕೆಯ ಸಂಕಟಕ್ಕೂ ಹೀಗಾಗುತ್ತದೆ. ಬೈಯದೆ ಹಾಸಿಗೆ ಬದಲಿಸಿ, ತಾರೀಖು ಬರೆದಿಟ್ಟುಕೊಳ್ಳಿ. ಹೊಡೆತದ ಗುರುತೋ ಭಯವೋ ಕಂಡರೆ ಅಂದೇ ಸಮಿತಿಗೆ ತಿಳಿಸಿ. ಭೇಟಿ ನಿಲ್ಲಿಸುವ ಅಧಿಕಾರ ಸಮಿತಿಯದು, ನಿಮ್ಮದಲ್ಲ.

ತಿಂಗಳಿಗೊಮ್ಮೆ ಪರಿಶೀಲನೆಗೆ ಬಂದವರು ಮಗುವಿನೊಡನೆ ಒಂಟಿಯಾಗಿ ಮಾತಾಡಲಿ, ನೀವು ಚಹಾ ನೆಪದಲ್ಲಿ ಒಳಹೊರಗೆ ಓಡಾಡಬೇಡಿ. ಮಗುವಿಗೆ ಮಕ್ಕಳ ಸಹಾಯವಾಣಿಯ 1098 ನಂಬರ್ ಬಾಯಿಪಾಠ ಇರಲಿ, ನಿಮ್ಮ ಮೇಲೆಯೇ ದೂರು ಹೇಳುವುದಿದ್ದರೂ ಸರಿ. ‘ನಾವು ಸಾಕುತ್ತಿರುವ ಮಗು’ ಎಂದು ವಾಟ್ಸಾಪ್ ಸ್ಟೇಟಸ್‌ಗೆ ಫೋಟೋ ಹಾಕಬೇಡಿ. ಗುರುತು ಬಯಲು ಮಾಡಿದರೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ.

ಹೊಂದಿಕೆಯಾಗದಿದ್ದರೆ ನೆಂಟರ ಮನೆಗೆ ದಾಟಿಸದೆ ಸಮಿತಿಗೆ ಬರೆದುಕೊಡಿ. ಮಗು ಹೆತ್ತವರ ಮನೆಗೆ ಮರಳುವ ದಿನ ಬಂದರೆ ಬಟ್ಟೆಯ ಜೊತೆ ಒಂದು ಫೈಲೂ ಹೋಗಲಿ: ಆಧಾರ್, ಲಸಿಕೆ ಕಾರ್ಡ್, ಟಿ.ಸಿ., ಅಂಕಪಟ್ಟಿಗಳು, ಔಷಧಿ ಚೀಟಿ, ನಿಮ್ಮ ಮನೆಯಲ್ಲಿ ತೆಗೆದ ಒಂದೆರಡು ಫೋಟೋ.