ಮುಟ್ಟದೆ ನೋಡೋದು ಕಲಿತೆ

ಜಯನಗರದಲ್ಲಿ ಮಕ್ಕಳ ಫಿಸಿಯೋಥೆರಪಿ ಮಾಡುತ್ತೇನೆ. ಶುರುವಿನ ವರ್ಷಗಳಲ್ಲಿ ಒಂದು ತಪ್ಪು ಮಾಡಿದೆ. ಹುಟ್ಟಿದ ಎರಡನೇ ದಿನವೇ ಫಿಟ್ಸ್ ಬಂದಿದ್ದ ಮಗು. ಸ್ಕ್ಯಾನಿನಲ್ಲಿ ಮೆದುಳಿನ ಎಡಭಾಗಕ್ಕೆ ಸ್ಟ್ರೋಕ್ ಆಗಿದ್ದು ಕಂಡಿತ್ತು. ಮೂರು ತಿಂಗಳಿಗೆ ನನ್ನ ಹತ್ತಿರ ಕರೆತಂದರು. ಕೈಕಾಲು ಎಳೆದು, ಮಡಚಿ ನೋಡಿದೆ. ಬಿಗಿ ಇರಲಿಲ್ಲ. ಎರಡೂ ಕಾಲು ಜೋರಾಗಿ ಒದೆಯುತ್ತಿತ್ತು. ‘ಏನೂ ತೊಂದರೆ ಕಾಣ್ತಿಲ್ಲ’ ಅಂದುಬಿಟ್ಟೆ.

ಒಂಬತ್ತು ತಿಂಗಳಿಗೆ ಮತ್ತೆ ಬಂದಾಗ ಅಜ್ಜಿ ನಗುತ್ತಾ, ‘ತಾತನ ಥರಾನೇ ಎಡಚ ನೋಡಿ ಮೇಡಂ’ ಅಂದರು. ನನಗೆ ನಗು ಬರಲಿಲ್ಲ. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಮುಂದೆ ಮಾಡುತ್ತಿದ್ದರೆ ಇನ್ನೊಂದು ಕೈ ಮೇಲೆ ಅನುಮಾನ ಬರಬೇಕು.

ಆಮೇಲೆ ಹೈನ್ಸ್ ಪ್ರೆಕ್ಟಲ್ ಎಂಬ ವೈದ್ಯರು ರೂಪಿಸಿದ ವಿಧಾನ ಕಲಿತೆ. ಇದರಲ್ಲಿ ಮಗುವನ್ನು ಮುಟ್ಟುವ ಹಾಗೇ ಇಲ್ಲ. ಅಂಗಾತ ಮಲಗಿಸಿ ಮೂರರಿಂದ ಐದು ನಿಮಿಷ ವಿಡಿಯೋ ತೆಗೆದು ನೋಡೋದು, ಅಷ್ಟೇ. ಮಗು ಎಚ್ಚರ ಇರಬೇಕು, ಅಳಬಾರದು. ಆಟಿಕೆ ಬೇಡ, ಅಮ್ಮ ಮಾತಾಡಿಸಲೂಬಾರದು. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಗ್ಲೌಸು, ಸಾಕ್ಸು ಬಿಚ್ಚಿಸೋದೇ ದೊಡ್ಡ ಕೆಲಸ. ‘ಶೀತ ಆಗುತ್ತೆ’ ಅಂತ ಅಜ್ಜಿಯಂದಿರು ಬಿಡಲ್ಲ. ಗ್ಲೌಸಿನೊಳಗೆ ಬೆರಳು ಕಾಣಲ್ಲ, ಅಲ್ವಾ?

ಹೋದ ಡಿಸೆಂಬರಿನಲ್ಲಿ ಅಂಥದ್ದೇ ಇನ್ನೊಂದು ಮಗು ಬಂತು, 13 ವಾರದ್ದು. ಈ ವಯಸ್ಸಿಗೆ ಕತ್ತು, ಮಣಿಕಟ್ಟು, ಪಾದ ಎಲ್ಲ ಸಣ್ಣಗೆ ಮಿಸುಕಾಡುತ್ತಲೇ ಇರಬೇಕು. ದಿನ ತುಂಬುವ ಮೊದಲೇ ಹುಟ್ಟಿದ್ದರೆ ವಾರಗಳನ್ನು ಹೆರಿಗೆಗೆ ಕೊಟ್ಟಿದ್ದ ದಿನದಿಂದ ಎಣಿಸುತ್ತೇವೆ. ಆ ಮಿಸುಕಾಟ ಇಲ್ಲವೇ ಇಲ್ಲ ಅಂದರೆ ಸೆರೆಬ್ರಲ್ ಪಾಲ್ಸಿಯ, ಅಂದರೆ ಎಳೆಯ ಮೆದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದ ತೊಂದರೆಯ, ಭಯ ಜಾಸ್ತಿ. ಇವನಿಗೆ ಮಿಸುಕಾಟ ಇತ್ತು. ಹಳೇ ನಾನಾಗಿದ್ದರೆ ಸುಮ್ನೆ ಮನೆಗೆ ಕಳಿಸುತ್ತಿದ್ದೆ.

ಅದೇ ವಿಡಿಯೋ ಎರಡನೇ ಸಲ ಹಾಕಿ ಕೈಗಳನ್ನಷ್ಟೇ ನೋಡಿದೆ. ಎರಡಕ್ಕೂ ಕರಿಮಣಿ ಬಳೆ ಹಾಕಿದ್ದರು. ಎಡಗೈ ಮಣಿಕಟ್ಟು ತಿರುಗಿದಾಗೆಲ್ಲ ಬಳೆ ಜಾರುತ್ತಿತ್ತು, ಬೆರಳು ಒಂದೊಂದೇ ಬಿಚ್ಚಿಕೊಳ್ಳುತ್ತಿತ್ತು. ಬಲಗೈ ಬಳೆ ಇದ್ದಲ್ಲೇ ಇತ್ತು. ಮುಷ್ಟಿ ತೆರೆದರೂ ಐದೂ ಬೆರಳು ಒಟ್ಟಿಗೇ.

ಎರಡು ವಾರ ಬಿಟ್ಟು ತೆಗೆದ ವಿಡಿಯೋದಲ್ಲೂ ಅದೇ ಕಥೆ. ಮಕ್ಕಳ ನರರೋಗ ತಜ್ಞರಿಗೆ ಎರಡನ್ನೂ ತೋರಿಸಿದೆ. ಕಾಯಿಲೆಗೆ ಹೆಸರಿಡುವ ತನಕ ಕಾಯದೆ ಆಟ ಶುರು ಮಾಡಿದೆವು. ಗಿಲಕಿ ಯಾವಾಗಲೂ ಬಲಗೈಗೆ. ನಾಲ್ಕು ತಿಂಗಳು ದಾಟಿದ ಮೇಲೆ ದಿನಕ್ಕೆ ಅರ್ಧ ಗಂಟೆ, ಆಟದ ಹೊತ್ತಲ್ಲಿ ಮಾತ್ರ, ಎಡಗೈಗೆ ಗ್ಲೌಸು. ‘ಬಿಚ್ಚಿಸಿದವರೂ ನೀವೇ, ಹಾಕಿಸೋರೂ ನೀವೇನಾ?’ ಅಂದರು ಅಜ್ಜಿ.

ಈಗ ಎಂಟು ತಿಂಗಳು. ಬಲಗೈ ಎಡಗೈಯಷ್ಟು ಚುರುಕಿಲ್ಲ. ಆದರೆ ರಾಗಿ ಸರಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮಗುಚಿಹಾಕುತ್ತಾನೆ.