ಕಾಲಗಳ ಕೋಷ್ಟಕವನ್ನು ಬದಿಗಿಟ್ಟು ಇಂಗ್ಲಿಷ್ ಕ್ರಿಯಾಪದ ಕಲಿತ ಬಗೆ

ಇಂಗ್ಲಿಷ್ ಕ್ರಿಯಾಪದವೆಂದರೆ ಹನ್ನೆರಡು ಕಾಲಗಳು ಎಂಬ ತಿಳಿವಳಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ವರ್ತಮಾನ, ಭೂತ, ಭವಿಷ್ಯತ್ ಎಂಬ ಮೂರನ್ನು ಸಾಮಾನ್ಯ, ನಿರಂತರ, ಪೂರ್ಣ, ಪೂರ್ಣ ನಿರಂತರ ಎಂಬ ನಾಲ್ಕರಿಂದ ಗುಣಿಸಿ, ಹನ್ನೆರಡು ಮನೆಗಳ ಕೋಷ್ಟಕವನ್ನು ಬರೆದು, ಮಗ್ಗಿಯಂತೆ ಒಪ್ಪಿಸುವುದನ್ನೇ ಕಲಿಕೆ ಎಂದು ಭಾವಿಸಿದವರು ಬಹಳ ಮಂದಿ. ಇಂಗ್ಲಿಷಿಗೂ ಕನ್ನಡಕ್ಕೂ ನಡುವೆ ಅನುವಾದ ಮಾಡುವುದೇ ವೃತ್ತಿಯಾಗಿರುವ ನನಗೆ ಆ ಕೋಷ್ಟಕದಿಂದ ಹೆಚ್ಚಿನ ನೆರವು ಸಿಗಲಿಲ್ಲ. ಅದರಲ್ಲಿ ಕರ್ಮಣಿ ಪ್ರಯೋಗಕ್ಕೆ ಜಾಗವಿಲ್ಲ. 'ಕುಡ್', 'ಮೈಟ್', 'ಮಸ್ಟ್' ಮುಂತಾದವುಗಳಿಗೂ ಇಲ್ಲ. ಅದೇ ಗುಂಪಿಗೆ ಸೇರಿದ 'ವಿಲ್' ಒಂದಕ್ಕೆ ಮಾತ್ರ, ಅದನ್ನು ಭವಿಷ್ಯತ್ಕಾಲವೆಂದು ಕರೆದು, ಒಂದಿಡೀ ಸಾಲನ್ನು ಬಿಟ್ಟುಕೊಡಲಾಗಿದೆ. ಹೀಗಾಗಿ ನಾನು ಕ್ರಿಯಾಪದದ ರೂಪಗಳು ನಿಜಕ್ಕೂ ಎಷ್ಟಿವೆ ಎಂಬ ಸರಳ ಪ್ರಶ್ನೆಯಿಂದ ಆರಂಭಿಸಿದೆ.

ಉತ್ತರ ನೆಮ್ಮದಿ ಕೊಡುವಂಥದ್ದಾಗಿತ್ತು. 'ವಾಕ್' ಎಂಬುದಕ್ಕೆ ಇರುವುದು ವಾಕ್, ವಾಕ್ಸ್, ವಾಕ್ಟ್, ವಾಕಿಂಗ್ ಎಂಬ 4 ರೂಪಗಳು. 'ಗೋ' ಎಂಬುದಕ್ಕೆ ವೆಂಟ್ ಮತ್ತು ಗಾನ್ ಬೇರೆಬೇರೆಯಾಗಿರುವುದರಿಂದ 5. 'ಪುಟ್' ಭೂತಕಾಲದಲ್ಲಿಯೂ 'ಪುಟ್' ಆಗಿಯೇ ಉಳಿಯುವುದರಿಂದ ಅದಕ್ಕೆ ಮೂರೇ ಸಾಕು. ಇಡೀ ಭಾಷೆಯಲ್ಲಿ ಅತಿ ಹೆಚ್ಚು ರೂಪಗಳಿರುವ 'ಬಿ' ಕೂಡ ಬಿ, ಆ್ಯಮ್, ಈಸ್, ಆರ್, ವಾಸ್, ವರ್, ಬೀನ್, ಬೀಯಿಂಗ್ ಎಂಬ ಎಂಟಕ್ಕೆ ನಿಲ್ಲುತ್ತದೆ. ಕನ್ನಡದ 'ಹೋಗು' ಧಾತುವಾದರೋ ವರ್ತಮಾನಕಾಲ ಒಂದರಲ್ಲೇ ಹೋಗುತ್ತೇನೆಯಿಂದ ಹೋಗುತ್ತವೆಯವರೆಗೆ 9 ರೂಪಗಳನ್ನು ತಾಳುತ್ತದೆ. ಪುರುಷ, ಲಿಂಗ, ವಚನಗಳನ್ನೆಲ್ಲ ಕ್ರಿಯಾಪದದ ತುದಿಯಲ್ಲಿ ಹೊತ್ತು ಬೆಳೆದ ನಮಗೆ ಇಂಗ್ಲಿಷಿನ ರೂಪಗಳು ಹೊರೆಯಾಗುವ ಮಾತೇ ಇಲ್ಲ. ಅಲ್ಲಿ ಪ್ರತ್ಯಯದ ಮೂಲಕ ವ್ಯಕ್ತವಾಗುವ ಕಾಲಗಳು ಎರಡೇ: ವರ್ತಮಾನ ಮತ್ತು ಭೂತ. ಮುಂದಾಗುವುದನ್ನು ಹೇಳಲು ಪ್ರತ್ಯಯವೇ ಇಲ್ಲದ ಕಾರಣ 'ವಿಲ್', 'ಗೋಯಿಂಗ್ ಟು', ಇಲ್ಲವೇ ಬರಿಯ ವರ್ತಮಾನವನ್ನೇ ಸಂದರ್ಭಕ್ಕೆ ತಕ್ಕಂತೆ ಬಳಸುತ್ತಾರೆ.

ಉಳಿದದ್ದೆಲ್ಲ ಸಹಾಯಕ ಕ್ರಿಯಾಪದಗಳ ಕೆಲಸ, ಮತ್ತು ಆ ಕೆಲಸಕ್ಕೆ ಕಟ್ಟುನಿಟ್ಟಾದ ಸರದಿಯಿದೆ. ಮೊದಲು 'ಮೈಟ್', 'ವಿಲ್', 'ಶುಡ್' ಗುಂಪಿನದೊಂದು; ಬಳಿಕ ಪೂರ್ಣತೆಯ 'ಹ್ಯಾವ್'; ಬಳಿಕ ನಿರಂತರತೆಯ 'ಬಿ'; ಬಳಿಕ ಕರ್ಮಣಿಯ 'ಬಿ'; ಕೊನೆಗೆ ಮುಖ್ಯ ಕ್ರಿಯಾಪದ. ಮುಖ್ಯ ಕ್ರಿಯಾಪದದ ಹೊರತು ಇವುಗಳಲ್ಲಿ ಯಾವುದನ್ನು ಬೇಕಾದರೂ ಬಿಡಬಹುದು, ಆದರೆ ಸರದಿಯನ್ನು ತಪ್ಪಿಸುವಂತಿಲ್ಲ. ಪ್ರತಿಯೊಂದೂ ತನ್ನ ಮುಂದಿನ ಪದದ ರೂಪವನ್ನು ತಾನೇ ನಿರ್ಧರಿಸುತ್ತದೆ: 'ಮೈಟ್' ಆದಮೇಲೆ ಮೂಲರೂಪ, 'ಹ್ಯಾವ್' ಆದಮೇಲೆ ಭೂತಕೃದಂತ ('ಗಾನ್', 'ರಿಟನ್' ಬಗೆಯ ರೂಪ), ನಿರಂತರದ 'ಬಿ' ಆದಮೇಲೆ 'ಇಂಗ್', ಕರ್ಮಣಿಯ 'ಬಿ' ಆದಮೇಲೆ ಮತ್ತೆ ಭೂತಕೃದಂತ. ಕಾಲದ ಗುರುತು ಬೀಳುವುದು ಸಾಲಿನ ಮೊದಲ ಪದದ ಮೇಲೆ ಮಾತ್ರ. ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ 1957ರಲ್ಲಿ ಇದನ್ನು ಒಂದೇ ಸಾಲಿನ ಸೂತ್ರವಾಗಿ ಬರೆದು ತೋರಿಸಿದರು. ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಐದು ಕಂಬಸಾಲುಗಳಾಗಿ ಗೀಚಿಕೊಂಡು, ಓದಿದ ಇಂಗ್ಲಿಷ್ ವಾಕ್ಯಗಳ ಕ್ರಿಯಾಭಾಗಗಳನ್ನು ಬಿಡಿಸಿ ಆ ಸಾಲುಗಳಲ್ಲಿ ತುಂಬತೊಡಗಿದೆ. 'ಹ್ಯಾಸ್ ಬೀನ್ ರಿಟನ್' ಎಂಬುದರಲ್ಲಿ ಒಂದನೆಯ ಮತ್ತು ಮೂರನೆಯ ಸಾಲುಗಳು ಖಾಲಿ. 'ವುಡ್ ಬಿ ರೈಟಿಂಗ್' ಎಂಬುದರಲ್ಲಿ ಎರಡನೆಯ ಮತ್ತು ನಾಲ್ಕನೆಯವು ಖಾಲಿ. ಐದೂ ತುಂಬಿದ 'ಮೈಟ್ ಹ್ಯಾವ್ ಬೀನ್ ಬೀಯಿಂಗ್ ರಿಟನ್' ವ್ಯಾಕರಣಕ್ಕೆ ಸರಿಹೊಂದುತ್ತದೆಯಾದರೂ ಯಾರೂ ಅದನ್ನು ಮನಸಾರೆ ಬರೆಯುವುದಿಲ್ಲ.

ಈ ಸರದಿ ನನಗೆ ಬೇಗನೆ ಒಗ್ಗಲು ಕಾರಣ ನಮ್ಮದೇ ಭಾಷೆ. 'ಮಾಡುತ್ತಿದ್ದಿರಬಹುದು' ಎಂಬ ಒಂದು ಪದವನ್ನು ಹಿಂದಿನಿಂದ ಮುಂದಕ್ಕೆ ಬಿಡಿಸಿ ನೋಡಿ. ಬಹುದು, ಇರು, ಇದ್ದು, ಮಾಡುತ್ತ. ಇಂಗ್ಲಿಷಿನಲ್ಲಿ ಅದೇ 'ಮೇ', 'ಹ್ಯಾವ್', 'ಬೀನ್', 'ಡೂಯಿಂಗ್'. ನಾವು ಮುಖ್ಯ ಧಾತುವನ್ನು ಮೊದಲಿಟ್ಟು ಸಹಾಯಕಗಳನ್ನು ಅದರ ಹಿಂದೆ ಸಂಧಿ ಮಾಡಿ ಪೋಣಿಸುತ್ತೇವೆ. ಅವರು ಅವೇ ಸಹಾಯಕಗಳನ್ನು ತಿರುವುಮುರುವು ಮಾಡಿ ಬಿಡಿಬಿಡಿಯಾಗಿ ಮುಂದಿಡುತ್ತಾರೆ. ಎಲ್ಲ ರೂಪಗಳೂ ಇಷ್ಟು ಅಚ್ಚುಕಟ್ಟಾಗಿ ಹೊಂದುವುದಿಲ್ಲ ನಿಜ, ಆದರೆ ಉದ್ದನೆಯ ಕ್ರಿಯಾಭಾಗ ಎದುರಾದಾಗ ಅದನ್ನು ತುದಿಯಿಂದ ಓದುವ ಅಭ್ಯಾಸ ಇಂದಿಗೂ ನನ್ನ ಕೈಹಿಡಿಯುತ್ತಿದೆ.

ನಿಷೇಧ ಮತ್ತು ಪ್ರಶ್ನೆಗಳಲ್ಲಿ ಬರುವ 'ಡೂ' ಬಗ್ಗೆಯೂ ಇದೇ ಮಾತು ಹೇಳಬಹುದು. ಸಾಲಿನಲ್ಲಿ ಬೇರೆ ಸಹಾಯಕ ಇಲ್ಲದಿದ್ದಾಗ ಕಾಲವನ್ನೂ ಪುರುಷವನ್ನೂ ಹೊರಲು 'ಡೂ' ಬರುತ್ತದೆ. ಹೊರೆಯನ್ನು ಅದು ಹೊತ್ತ ಮೇಲೆ ಮುಖ್ಯ ಕ್ರಿಯಾಪದ ಬರಿಗೈಯಲ್ಲಿ ನಿಲ್ಲುತ್ತದೆ. ಆದ್ದರಿಂದಲೇ 'ಡಿಡ್ ನಾಟ್ ಗೋ' ಸರಿ, 'ಡಿಡ್ ನಾಟ್ ವೆಂಟ್' ತಪ್ಪು. 'ಹೋದನು' ಎಂಬಲ್ಲಿ ಕಾಣುವ ಭೂತಕಾಲದ ರೂಪ 'ಹೋಗಲಿಲ್ಲ' ಎಂದೊಡನೆ ಮಾಯವಾಗುವುದನ್ನು ಗಮನಿಸಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು.

ಅನಿಯಮಿತ ಕ್ರಿಯಾಪದಗಳ ವಿಷಯದಲ್ಲಿ ಹೇಳಲು ಹೆಚ್ಚಿಲ್ಲ. ಬಳಕೆಯಲ್ಲಿರುವವು ಸುಮಾರು 200 ಇರಬಹುದು, ಮತ್ತು ದುರದೃಷ್ಟಕ್ಕೆ ಬಿ, ಹ್ಯಾವ್, ಡೂ, ಸೇ, ಗೋ, ಗೆಟ್, ಟೇಕ್ ಮುಂತಾದ ಪದೇಪದೇ ಬೇಕಾಗುವ ಪದಗಳೆಲ್ಲ ಆ ಗುಂಪಿನಲ್ಲೇ ಇವೆ. ಅಕಾರಾದಿಯ ಪಟ್ಟಿಯನ್ನು ಉರುಹೊಡೆಯುವ ಬದಲು ಸ್ವರದ ಬದಲಾವಣೆಯನ್ನು ನೋಡಿ ಕುಟುಂಬಗಳನ್ನು ಮಾಡಿಕೊಂಡೆ: ಸಿಂಗ್, ಸ್ಯಾಂಗ್, ಸಂಗ್ ಜೊತೆಗೆ ರಿಂಗ್, ಡ್ರಿಂಕ್, ಸ್ವಿಮ್, ಬಿಗಿನ್; ಬ್ಲೋ, ಬ್ಲೂ, ಬ್ಲೋನ್ ಜೊತೆಗೆ ನೋ, ಗ್ರೋ, ಥ್ರೋ; ಬದಲಾಗದ ಕಟ್, ಹಿಟ್, ಶಟ್, ಸೆಟ್. ಕೊಡು ಎಂಬುದು ಕೊಟ್ಟ, ಬಿಡು ಎಂಬುದು ಬಿಟ್ಟ, ಇಡು ಎಂಬುದು ಇಟ್ಟ ಎಂದಾಗುವಂತೆ ಇವೂ ಕಿವಿಗೆ ಬಿದ್ದಷ್ಟು ಗಟ್ಟಿಯಾಗುತ್ತವೆ. ನಿಯಮಿತ ಕ್ರಿಯಾಪದಗಳ ಭೂತಕಾಲದ ಪ್ರತ್ಯಯ ಬರವಣಿಗೆಯಲ್ಲಿ ಒಂದೇ ಆದರೂ ಉಚ್ಚಾರಣೆಯಲ್ಲಿ ಮೂರು ಬಗೆಯದು ಎಂಬುದನ್ನು ಮಾತ್ರ ಬೇರೆಯಾಗಿ ಅಭ್ಯಾಸ ಮಾಡಬೇಕಾಯಿತು: ಅಘೋಷ (ಗಂಟಲು ಕಂಪಿಸದ) ಧ್ವನಿಯ ನಂತರ 'ವಾಕ್ಟ್', ಘೋಷ (ಕಂಪಿಸುವ) ಧ್ವನಿಯ ನಂತರ 'ಪ್ಲೇಡ್', ಟಕಾರ ಡಕಾರಗಳ ನಂತರ 'ವಾಂಟೆಡ್'.

ರೂಪಗಳು ಕೈವಶವಾದ ಮೇಲೆ ನಿಜವಾದ ತೊಡಕು ಎದುರಾದದ್ದು ಅವುಗಳನ್ನು ಯಾವಾಗ ಬಳಸಬೇಕು ಎಂಬಲ್ಲಿ. ನಾವು ಸಲೀಸಾಗಿ 'ನಿನ್ನೆ ಸಭೆಗೆ ಹೋಗಿದ್ದೆ' ಎನ್ನುತ್ತೇವೆ. ಅದನ್ನು 'ಐ ಹ್ಯಾಡ್ ಗಾನ್' ಎಂದು ಇಂಗ್ಲಿಷಿಗೆ ತಂದರೆ ಓದುವವರು ಮುಂದಿನ ವಾಕ್ಯಕ್ಕಾಗಿ ಕಾಯುತ್ತಾರೆ. ಏಕೆಂದರೆ ಆ ರೂಪ ಹಿಂದೆ ನಡೆದ ಇನ್ನೊಂದು ಘಟನೆಗಿಂತಲೂ ಇದು ಮೊದಲು ನಡೆಯಿತು ಎಂದು ಹೇಳುತ್ತದೆ, ಆ ಇನ್ನೊಂದು ಘಟನೆ ಎಲ್ಲೂ ಇರುವುದಿಲ್ಲ. ಅಲ್ಲಿ ಬೇಕಾದದ್ದು ಬರಿಯ 'ಐ ವೆಂಟ್'. ಕನ್ನಡಿಗರ ಇಂಗ್ಲಿಷ್ ಬರಹದಲ್ಲಿ ಅನಗತ್ಯವಾದ 'ಹ್ಯಾಡ್' ಇಷ್ಟೊಂದು ಕಾಣಿಸಿಕೊಳ್ಳುವುದಕ್ಕೆ ಈ 'ಹೋಗಿದ್ದೆ, ಬಂದಿದ್ದೆ'ಗಳೇ ಮೂಲವೆಂದು ನನ್ನ ಅಭಿಪ್ರಾಯ. ಹಾಗಾಗಿ ಕರಡನ್ನು ತಿದ್ದುವಾಗ ಪ್ರತಿಯೊಂದು 'ಹ್ಯಾಡ್' ಎದುರು ನಿಂತು, ಯಾವ ಘಟನೆಗಿಂತ ಮೊದಲು ಎಂದು ಕೇಳಿಕೊಳ್ಳುತ್ತೇನೆ; ಉತ್ತರ ಸಿಗದಿದ್ದರೆ ಅದನ್ನು ಹೊಡೆದುಹಾಕುತ್ತೇನೆ.

'ಹ್ಯಾವ್' ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. 'ಅವರನ್ನು ನಿನ್ನೆಯೇ ನೋಡಿದ್ದೇನೆ' ಎಂಬುದು ಒಳ್ಳೆಯ ಕನ್ನಡ, ಆದರೆ 'ಐ ಹ್ಯಾವ್ ಸೀನ್ ದೆಮ್ ಯೆಸ್ಟರ್‌ಡೇ' ಎಂಬುದು ಇಂಗ್ಲಿಷ್ ಅಲ್ಲ. ಮುಗಿದುಹೋದ ನಿಶ್ಚಿತ ಸಮಯವನ್ನು ವಾಕ್ಯದಲ್ಲಿ ಹೇಳಿದ ಮೇಲೆ ವರ್ತಮಾನದೊಡನೆ ನಂಟು ಹಾಕುವ 'ಹ್ಯಾವ್' ಅಲ್ಲಿ ನಿಲ್ಲದು. ಇದಕ್ಕೆ ವಿರುದ್ಧವಾಗಿ 'ಹತ್ತು ವರ್ಷದಿಂದ ಇಲ್ಲಿದ್ದೇನೆ' ಎಂದು ನಾವು ವರ್ತಮಾನದಲ್ಲೇ ಮುಗಿಸುವ ಕಡೆ ಅವರಿಗೆ 'ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್' ಬೇಕು. 'ಹ್ಯಾವ್' ಬಿಟ್ಟು 'ಐ ಲಿವ್ಡ್' ಎಂದರೆ ಈಗ ಇಲ್ಲಿಲ್ಲ ಎಂಬ ಅರ್ಥವೇ ಸಾಮಾನ್ಯವಾಗಿ ಹೊರಡುತ್ತದೆ. 'ಜಸ್ಟ್', 'ಆಲ್ರೆಡಿ' ಮುಂತಾದವುಗಳ ಜೊತೆ ಬ್ರಿಟಿಷರು 'ಹ್ಯಾವ್' ಬಳಸುವ ಎಷ್ಟೋ ಕಡೆ ಅಮೆರಿಕನ್ನರು ಬರಿಯ ಭೂತಕಾಲವನ್ನೇ ಬಳಸುತ್ತಾರೆ ಎಂಬುದನ್ನೂ ನೆನಪಿಡಬೇಕು. ಅದನ್ನು ತಪ್ಪೆಂದು ತಿದ್ದಹೊರಟರೆ ನಗೆಪಾಟಲಾದೇವು.

'ಹೀಗಾದರೆ' ಎಂದು ಊಹಿಸಿ ಹೇಳುವ ಸಂಭಾವನೆಯ ವಾಕ್ಯಗಳಿಗೆ ಬರೋಣ. 'ಇಫ್ ಇಟ್ ರೇನ್ಡ್ ಟುಮಾರೊ' ಎಂಬಲ್ಲಿ ನಾಳಿನ ಮಾತಿಗೆ ಭೂತಕಾಲದ ರೂಪವೇಕೆ ಎಂದು ಕೇಳುವವರು ಅನೇಕರು. ಭೂತರೂಪಕ್ಕೆ ಇಂಗ್ಲಿಷಿನಲ್ಲಿ ಎರಡು ಕೆಲಸಗಳಿವೆ: ಒಂದು, ಘಟನೆಯನ್ನು ಸಮಯದಲ್ಲಿ ಹಿಂದಕ್ಕೆ ಇಡುವುದು, ಇನ್ನೊಂದು, ಅದನ್ನು ವಾಸ್ತವದಿಂದ ದೂರ ಇಡುವುದು. ನಮಗೆ ಇದು ಅಪರಿಚಿತವೇನಲ್ಲ. 'ನಾಳೆ ಮಳೆ ಬಂದರೆ' ಎನ್ನುವಾಗ 'ಬಂದ' ಎಂಬ ಭೂತರೂಪದ ಮೇಲೆಯೇ 'ರೆ' ಸೇರಿದೆ. ಸಂಭಾವನಾರ್ಥದ 'ಬಂದೀತು', 'ಹೋದಾನು' ಕೂಡ ಅದೇ ಭೂತರೂಪದಿಂದ ಹುಟ್ಟಿ ಮುಂದಿನದನ್ನು ಹೇಳುತ್ತವೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ನಮ್ಮ 'ಬಂದರೆ' ಆಗಬಹುದಾದದ್ದಕ್ಕೂ ಆಗಲಾರದ್ದಕ್ಕೂ ಸಲ್ಲುತ್ತದೆ. ಇಂಗ್ಲಿಷ್ ಅಲ್ಲಿ ಕವಲೊಡೆಯುತ್ತದೆ: ಆಗಬಹುದಾದದ್ದಕ್ಕೆ 'ಇಫ್ ಇಟ್ ರೇನ್ಸ್', ಸಾಧ್ಯತೆ ಕಡಿಮೆಯೆಂದು ತೋರಿದರೆ 'ರೇನ್ಡ್', ಆಗದೇ ಹೋದದ್ದಕ್ಕೆ 'ಹ್ಯಾಡ್ ರೇನ್ಡ್'. ಅನುವಾದಕ ಮೊದಲು ನಿರ್ಧರಿಸಬೇಕಾದದ್ದು ಹೇಳುವವನಿಗೆ ಎಷ್ಟು ನಂಬಿಕೆಯಿದೆ ಎಂಬುದನ್ನು. ಕಾಲ ಆಮೇಲಿನ ಮಾತು. ಇನ್ನೊಂದು ಸಾಮ್ಯ ನನಗೆ ಯಾವಾಗಲೂ ಖುಷಿ ಕೊಡುತ್ತದೆ: 'ಬರುತ್ತಿದ್ದೆ' ಎಂಬ ಒಂದೇ ರೂಪ ಹಿಂದಿನ ರೂಢಿಯನ್ನೂ 'ಗೊತ್ತಿದ್ದರೆ ಬರುತ್ತಿದ್ದೆ' ಎಂಬ ಆಗದೆ ಹೋದದ್ದನ್ನೂ ಹೇಳುತ್ತದೆ, ಇಂಗ್ಲಿಷಿನ 'ವುಡ್' ಕೂಡ ಆ ಎರಡು ಕೆಲಸಗಳನ್ನೂ ಮಾಡುತ್ತದೆ.

ಇನ್ನೊಬ್ಬರ ಮಾತನ್ನು ವರದಿ ಮಾಡುವಾಗ ಮಾತ್ರ ಕನ್ನಡ ಯಾವ ನೆರವನ್ನೂ ನೀಡದು. 'ತನಗೆ ಸಮಯವಿಲ್ಲ ಎಂದು ಹೇಳಿದಳು' ಎಂಬಲ್ಲಿ 'ಎಂದು' ಬಂದು ಆಡಿದ ಮಾತನ್ನು ಅದರ ಕಾಲದಲ್ಲೇ ಉಳಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ 'ಶಿ ಸೆಡ್' ಎಂದಮೇಲೆ ಒಳಗಿನ ಕ್ರಿಯಾಪದವೂ ಒಂದು ಹೆಜ್ಜೆ ಹಿಂದೆ ಸರಿಯುವುದು ವಾಡಿಕೆ: 'ಶಿ ಹ್ಯಾಡ್ ನೋ ಟೈಮ್'. ಹೇಳಿದ ಸಂಗತಿ ಈಗಲೂ ನಿಜವಾಗಿದ್ದರೆ ಸರಿಸದೆಯೂ ಬಿಡಬಹುದು.

ವಿಧ್ಯರ್ಥಕ್ಕೆ ಇಂಗ್ಲಿಷ್ ಮೂಲರೂಪವನ್ನೇ ಬಳಸುತ್ತದೆ. ಏಕವಚನ ಬಹುವಚನಗಳ ಭೇದವಿಲ್ಲದ ಕಾರಣ 'ಕಮ್' ಎಂಬುದನ್ನು 'ಬಾ' ಎನ್ನಬೇಕೋ 'ಬನ್ನಿ' ಎನ್ನಬೇಕೋ ಎಂಬುದು ಕನ್ನಡಕ್ಕೆ ತರುವವರ ತಲೆನೋವು. ಅದೇ ಮೂಲರೂಪ 'ಐ ಇನ್ಸಿಸ್ಟ್ ದಟ್ ಹಿ ಗೋ' ಎಂಬಂಥ ವಾಕ್ಯಗಳಲ್ಲಿಯೂ ಕಾಣಿಸುತ್ತದೆ. ಅಲ್ಲಿ 'ಹಿ' ಇದ್ದರೂ 'ಗೋಸ್' ಬಾರದಿರುವುದಕ್ಕೆ ಕಾರಣ, ಆ ವಾಕ್ಯ ಅವನು ಹೋಗುತ್ತಾನೆಂಬ ಸುದ್ದಿಯನ್ನು ಹೇಳದೆ, ಅವನು ಹೋಗಲಿ ಎಂಬ ಒತ್ತಾಯವನ್ನು ಹೇಳುತ್ತಿರುವುದು. ಬೇಡಿಕೆ, ಸಲಹೆ, ಠರಾವುಗಳ ಭಾಷೆಯಲ್ಲಿ ಇದು ಇಂದಿಗೂ ಜೀವಂತವಾಗಿದೆ. ಬ್ರಿಟಿಷ್ ಬರಹದಲ್ಲಿ ಅದರ ಜಾಗಕ್ಕೆ 'ಶುಡ್ ಗೋ' ಬರುವುದೂ ಉಂಟು. 'ಇಫ್ ಐ ವರ್' ಎಂಬಲ್ಲಿನ 'ವರ್' ಬದಲು ಆಡುಮಾತಿನಲ್ಲಿ 'ವಾಸ್' ಕೇಳಿಬರುತ್ತದೆಯಾದರೂ, ಔಪಚಾರಿಕ ಬರಹವನ್ನು ತಿದ್ದುವಾಗ ನಾನು 'ವರ್' ಎಂದೇ ಇಡುತ್ತೇನೆ.